ಬೆಟ್ಟದಿಂದಿಳಿದು ಬರೆಯೋಣ

ಬರಹಗಾರನಿಗೆ ಏಕಾಂತ ಬೇಕು ಎಂಬ ಮಾತನ್ನು ಎಲ್ಲರೂ ಒಪ್ಪುತ್ತಾರೆ. ಆ ಏಕಾಂತವನ್ನು ಅವನು ಎಲ್ಲಿ ಹುಡುಕಬೇಕು, ಅಲ್ಲಿಂದ ಏನನ್ನು ಹೊತ್ತು ತರಬೇಕು, ತಂದುದನ್ನು ಯಾರ ಕೈಗೆ ಒಪ್ಪಿಸಬೇಕು ಎಂಬ ವಿಷಯದಲ್ಲಿ ಮಾತ್ರ ಒಮ್ಮತವಿಲ್ಲ. ಈಚೆಗೆ ನೀಲಗಿರಿಯ ಕೇತಿ ಕಣಿವೆಯಲ್ಲಿ ಜರುಗಿದ ಕನ್ನಡ ಕ್ರೈಸ್ತ ಬರಹಗಾರರ ಐದು ದಿನಗಳ ಧ್ಯಾನಶಿಬಿರದಲ್ಲಿ ಪಾಲ್ಗೊಳ್ಳುವ ಅವಕಾಶ ನಮಗೆ ಒದಗಿತ್ತು. ಎರೆಭೂಮಿಯ ಬಯಲಿನಲ್ಲಿ ಹುಟ್ಟಿ ಬೆಳೆದು, ಅದೇ ಬಯಲಿನಲ್ಲಿ ಗುರುಸೇವೆ ಮಾಡುತ್ತಿರುವ ನಮಗೆ ಆ ಪ್ರಯಾಣವು ಕೆಲವು ವಿಚಾರಗಳನ್ನು ಸ್ಪಷ್ಟಗೊಳಿಸಿತು. ಬೆಟ್ಟವು ನಮಗೆ ಮೌನವನ್ನು ಕೊಡಬಲ್ಲುದು. ಬರೆಯಬೇಕಾದ ವಿಷಯವನ್ನು ಕೊಡಲಾರದು. ಆ ವಿಷಯವು ನಾವು ಬಿಟ್ಟು ಹೋದ ಬಯಲಿನಲ್ಲಿಯೇ ನಮಗಾಗಿ ಕಾದಿರುತ್ತದೆ. ಇದೇ ಈ ವಾರದ ನಮ್ಮ ಮಾತು.

ಶಿಬಿರಕ್ಕೆ ಹೊರಟ ಸುದ್ದಿ ತಿಳಿದಾಗ ನಮ್ಮ ಧರ್ಮಕೇಂದ್ರದ ಹಿರಿಯ ರೈತರೊಬ್ಬರು, “ಬರಿಯಾಕ ಗುಡ್ಡ ಹತ್ತಬೇಕೇನ್ರಿ ಫಾದರ್? ಇಲ್ಲೇ ಕುಂತು ಬರೀಬಹುದಲ್ರಿ” ಎಂದು ಕೇಳಿದರು. ಪ್ರಶ್ನೆ ಸರಳವಾಗಿತ್ತು, ಆದರೆ ಹಗುರವಾದುದಾಗಿರಲಿಲ್ಲ. ಬರವಣಿಗೆಯ ಹೆಸರಿನಲ್ಲಿ ತಂಪು ಸ್ಥಳಗಳಿಗೆ ಹೋಗಿಬರುವುದು ಉಳ್ಳವರ ವಿಲಾಸವಾಗಬಾರದೆಂಬ ಎಚ್ಚರಿಕೆ ಅದರಲ್ಲಿ ಅಡಗಿತ್ತು. ಆ ಹಿರಿಯರಿಗೆ ಸಲ್ಲಬೇಕಾದ ಉತ್ತರವನ್ನು ಅವರ ಕಸುಬಿನಿಂದಲೇ ಎತ್ತಿಕೊಳ್ಳಬಹುದು. ನೇಗಿಲ ಕುಳ ಮೊಂಡಾದಾಗ ರೈತನು ಹೊಲವನ್ನು ಬಿಟ್ಟು ಕಮ್ಮಾರನ ಕುಲುಮೆಗೆ ಹೋಗುತ್ತಾನೆ. ಕುಲುಮೆಯಲ್ಲಿ ಬೆಳೆ ಬೆಳೆಯುವುದಿಲ್ಲ. ಆದರೆ ಕುಲುಮೆಗೆ ಹೋಗದ ಕುಳದಿಂದ ಹೊಲವೂ ಹದವಾಗುವುದಿಲ್ಲ. ಧ್ಯಾನಶಿಬಿರವೆಂಬುದು ಇಂತಹ ಒಂದು ಕುಲುಮೆ. ಅಲ್ಲಿಯೇ ಮನೆ ಮಾಡುವುದು ತಪ್ಪು. ಅಲ್ಲಿಗೆ ಹೋಗದೆಯೇ ಇರುವುದೂ ತಪ್ಪು.

ಬಯಲುಸೀಮೆಯವರಿಗೆ ಬೆಟ್ಟವೆಂದರೆ ಬಳ್ಳಾರಿಯ ಗುಡ್ಡದಂತಹ ಬೋಳು ಬಂಡೆ. ನಡುಹಗಲಿನಲ್ಲಿ ಕಾದು ಸಂಜೆಯವರೆಗೂ ಬಿಸಿಯುಸಿರು ಬಿಡುವ ಕಲ್ಲು. ಹಂಪಿ ಎಕ್ಸ್‌ಪ್ರೆಸ್ ರೈಲಿನಲ್ಲಿ ರಾತ್ರಿಯಿಡೀ ಪಯಣಿಸಿ, ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರಗಳ ಮಾರ್ಗವಾಗಿ ಬಸ್ಸು ಗೂಡಲೂರನ್ನು ದಾಟಿ ಮೇಲೇರತೊಡಗಿದಾಗ, ಬೆಟ್ಟ ಎಂಬ ಶಬ್ದಕ್ಕೆ ಬೇರೆಯೇ ಅರ್ಥವಿದೆಯೆಂದು ತಿಳಿಯುತ್ತದೆ. ನಮ್ಮ ಸೀಮೆ ಸಮುದ್ರಮಟ್ಟದಿಂದ 500 ಮೀಟರುಗಳ ಒಳಗೇ ಇದೆ. ಉದಕಮಂಡಲವು ಸುಮಾರು 2,200 ಮೀಟರುಗಳ ಎತ್ತರದಲ್ಲಿದೆ. ಬಯಲಿನಲ್ಲಿ ಕಣ್ಣು ಹಾಯಿಸಿದಷ್ಟು ದೂರವೂ ಎಲ್ಲವೂ ಒಂದೇ ಮಟ್ಟದಲ್ಲಿ ತೆರೆದುಕೊಂಡಿರುವುದರಿಂದ, ಕಾಣಬೇಕಾದುದನ್ನೆಲ್ಲ ಕಂಡಿದ್ದೇವೆಂಬ ಭಾವನೆ ನಮ್ಮಲ್ಲಿ ಸುಲಭವಾಗಿ ಬೇರೂರುತ್ತದೆ. ಬೆಟ್ಟದಲ್ಲಿ ಮುಂದಿನ ತಿರುವಿನಾಚೆ ಏನಿದೆಯೆಂಬುದು ಕೂಡ ಕಾಣದು. ಮಂಜು ಇಳಿದರೆ ಹತ್ತು ಹೆಜ್ಜೆ ಮುಂದಿನ ಮರವೂ ಮರೆಯಾಗುತ್ತದೆ. ತಿಳಿದಿದ್ದೇನೆ ಎಂಬ ಗರ್ವಕ್ಕೆ ಇದು ಒಳ್ಳೆಯ ಮದ್ದು.

ಉದಕಮಂಡಲದಿಂದ ಬೆಟ್ಟದ ರೈಲು ಹಿಡಿದರೆ, ಲವ್‌ಡೇಲಿನ ನಂತರದ ನಿಲ್ದಾಣವೇ ಕೇತಿ. ಮೇಟುಪಾಳ್ಯದಿಂದ ಕೂನೂರಿನವರೆಗೆ 1899ರಲ್ಲಿ ಆರಂಭವಾಗಿ, 1908ರಲ್ಲಿ ಉದಕಮಂಡಲವನ್ನು ಮುಟ್ಟಿದ ಈ ಕಿರುರೈಲು 2005ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದೆ. ಕಣಿವೆಯ ತುಂಬ ಚಹಾ ತೋಟಗಳು, ಮೆಟ್ಟಿಲು ಮೆಟ್ಟಿಲಾಗಿ ಕಡಿದ ಇಳಿಜಾರುಗಳಲ್ಲಿ ಗಜ್ಜರಿ, ಆಲೂಗಡ್ಡೆ, ಕೋಸುಗಡ್ಡೆಗಳ ಮಡಿಗಳು, ನಡುನಡುವೆ ಬಡಗರ ಹಟ್ಟಿಗಳು. ಹಟ್ಟಿ ಎಂಬ ಶಬ್ದವನ್ನು ಅಲ್ಲಿ ಕೇಳಿದಾಗ ನಮಗೆ ಪರದೇಶದಲ್ಲಿ ನೆಂಟರನ್ನು ಕಂಡಂತಾಯಿತು. ಬಡಗ ಎಂದರೆ ಬಡಗು ದಿಕ್ಕಿನಿಂದ, ಅಂದರೆ ಉತ್ತರದಿಂದ ಬಂದವನು. ಮೈಸೂರು ಸೀಮೆಯಿಂದ ತಮ್ಮ ಹಿರಿಯರು ಬೆಟ್ಟವೇರಿ ಬಂದರೆಂಬುದು ಅವರ ಪರಂಪರೆಯ ನೆನಪು. ಅವರ ನುಡಿ ಕನ್ನಡದ ಹತ್ತಿರದ ಬಂಧು. ಶಿಬಿರಕ್ಕೆ ತರಕಾರಿ ತರುತ್ತಿದ್ದ ಅಜ್ಜಿಯ ಮಾತು ಪೂರ್ತಿಯಾಗಿ ತಿಳಿಯದಿದ್ದರೂ, ಮನೆಯ ಒಳಕೋಣೆಯಿಂದ ಕೇಳಿಬರುವ ಮಾತಿನಂತೆ ಆಗಾಗ ಒಂದೊಂದು ಶಬ್ದ ನಮ್ಮ ಕಿವಿಗೆ ನಿಲುಕುತ್ತಿತ್ತು.

ಈ ಕಣಿವೆಗೂ ಕ್ರೈಸ್ತ ಬರವಣಿಗೆಗೂ ಹಳೆಯ ನಂಟಿದೆ. ಮದರಾಸು ಆಡಳಿತದಲ್ಲಿ ನ್ಯಾಯಾಧೀಶರಾಗಿದ್ದ ಜಾರ್ಜ್ ಕಾಸಮೇಜರ್ ಎಂಬವರು ನಿವೃತ್ತಿಯ ಬಳಿಕ ಕೇತಿಯಲ್ಲಿ ನೆಲೆಸಿ, ಬಡಗರ ನಡುವೆ ಸೇವೆಯಲ್ಲಿ ತೊಡಗಿದರು. ಅವರ ನೆರವಿನಿಂದ 1846ರಲ್ಲಿ ಬಾಸೆಲ್ ಮಿಷನ್ ಇಲ್ಲಿ ತನ್ನ ಕೇಂದ್ರವನ್ನು ತೆರೆಯಿತು. ಕನ್ನಡ ಬೈಬಲಿನ ಪರಿಷ್ಕರಣೆಯಲ್ಲಿ ದುಡಿದ ಗಾಟ್‌ಫ್ರೀಡ್ ವೈಗ್ಲೆಯವರೂ ಈ ಕಣಿವೆಯಲ್ಲಿದ್ದವರೇ. ಕಾಸಮೇಜರರು 1849ರಲ್ಲಿ ತೀರಿಕೊಂಡರು. ಅವರು ಬಡಗ ನುಡಿಗೆ ತಂದ ಸಂತ ಲೂಕನ ಶುಭಸಂದೇಶವು 1852ರಲ್ಲಿ ಅಚ್ಚಾಯಿತು. ಇವರೆಲ್ಲ ನಮ್ಮ ಕಥೋಲಿಕ ಧರ್ಮಸಭೆಗೆ ಸೇರಿದವರಲ್ಲ. ಆದರೂ ದೇವರ ವಾಕ್ಯವನ್ನು ನಮ್ಮ ನುಡಿಯ ಬಳಗಕ್ಕೆ ತರಲು ಬೆವರು ಸುರಿಸಿದ ಸಹೋದರರು. ಅವರ ಋಣವನ್ನು ನೆನೆಯುವುದರಿಂದ ನಮ್ಮ ವಿಶ್ವಾಸಕ್ಕೇನೂ ಕುಂದಿಲ್ಲ. ಗಮನಿಸಬೇಕಾದ ಸಂಗತಿಯೆಂದರೆ, ಆ ನ್ಯಾಯಾಧೀಶರು ಬೆಟ್ಟದ ತಂಪಿನಲ್ಲಿ ಕುಳಿತು ತಮಗಾಗಿ ಬರೆದುಕೊಳ್ಳಲಿಲ್ಲ. ಪಕ್ಕದ ಹಟ್ಟಿಯವರ ನುಡಿಯನ್ನು ಕಲಿತು, ಅವರಿಗಾಗಿ ಬರೆದರು.

ಶಿಬಿರದ ಮೊದಲ ಎರಡು ದಿನ ಯಾರೂ ಲೇಖನಿ ಮುಟ್ಟಬಾರದೆಂಬ ನಿಯಮವಿತ್ತು. ಮೊಬೈಲು ಫೋನುಗಳನ್ನು ಒಂದು ಬುಟ್ಟಿಯಲ್ಲಿರಿಸಿ ಬೀಗ ಹಾಕಲಾಯಿತು. ಮುಂಜಾನೆಯ ಬಲಿಪೂಜೆ, ಪರಮಪ್ರಸಾದದ ಆರಾಧನೆ, ಪವಿತ್ರ ಗ್ರಂಥದ ಒಂದು ಭಾಗವನ್ನು ಮೆಲ್ಲಮೆಲ್ಲನೆ ಓದುವುದು, ಓದಿದುದನ್ನು ಮನನ ಮಾಡುವುದು, ಅದನ್ನೇ ಪ್ರಾರ್ಥನೆಯಾಗಿಸುವುದು, ಕಡೆಗೆ ಮಾತು ಬಿಟ್ಟು ದೇವರ ಮುಂದೆ ಸುಮ್ಮನೆ ಕುಳಿತುಕೊಳ್ಳುವುದು. ಈ ನಾಲ್ಕು ಮೆಟ್ಟಿಲುಗಳ ಕ್ರಮವನ್ನು ಬರೆದಿಟ್ಟವರು ಹನ್ನೆರಡನೆಯ ಶತಮಾನದ ಕಾರ್ಥೂಸಿಯನ್ ಮಠಾಧಿಪತಿ ಎರಡನೆಯ ಗ್ವೀಗೋ. ಅವರ ಮಠವೂ ಫ್ರಾನ್ಸಿನ ಆಲ್ಪ್ಸ್ ಪರ್ವತಗಳ ನಡುವೆ, ಸಂತ ಬ್ರೂನೋರವರು 1084ರಲ್ಲಿ ನೆಲೆಗೊಂಡ ಶಾರ್ತ್ರೂಸ್ ಎಂಬ ನಿರ್ಜನ ಸ್ಥಳದಲ್ಲಿದೆ. ಮೌನವ್ರತದ ಆ ಸಂನ್ಯಾಸಿಗಳು ಬೀದಿಗಿಳಿದು ಉಪದೇಶಿಸುತ್ತಿರಲಿಲ್ಲ. ಗ್ರಂಥಗಳ ಪ್ರತಿ ಮಾಡುವುದನ್ನೇ ತಮ್ಮ ಕೈಗಳ ಪ್ರಬೋಧನೆಯೆಂದು ಭಾವಿಸಿದ್ದರು. ಪರ್ವತದ ಮೌನದಲ್ಲಿ ಬರೆದುದು ಕೆಳಗಿನ ಲೋಕಕ್ಕಾಗಿ ಎಂಬ ಅರಿವು ಅವರಿಗೆ ಚೆನ್ನಾಗಿಯೇ ಇತ್ತು.

ಮೂರನೆಯ ದಿನ ಲೇಖನಿಗಳು ಹೊರಬಂದವು. ಸಂಜೆ ಎಲ್ಲರೂ ತಮ್ಮ ಬರಹವನ್ನು ಓದಿದರು. ಸುಮಾರು ಇಪ್ಪತ್ತು ಮಂದಿಯಿದ್ದೆವು: ಶಾಲಾ ಶಿಕ್ಷಕರು, ಶುಶ್ರೂಷಕಿಯಾದ ಧರ್ಮಭಗಿನಿ, ನಿವೃತ್ತ ರೈಲ್ವೆ ಗುಮಾಸ್ತರು, ಗಾಯನಮಂಡಳಿಗೆ ಹಾಡು ಕಟ್ಟುವ ತರುಣ, ಗೃಹಿಣಿಯರು, ಬೇರೆ ಸಭೆಗಳ ಇಬ್ಬರು ಪಾಲಕರು. ಬಂದ ಬರಹಗಳಲ್ಲಿ ಮಂಜು ಇತ್ತು, ನೀಲಗಿರಿ ಮರಗಳ ಪರಿಮಳವಿತ್ತು, ಸೃಷ್ಟಿಕರ್ತನ ಮಹಿಮೆಯಿತ್ತು. ಎಲ್ಲವೂ ಅಂದವಾಗಿದ್ದವು, ಎಲ್ಲವೂ ಒಂದೇ ರೀತಿಯಾಗಿದ್ದವು. ಕೊನೆಯಲ್ಲಿ ರಾಯಚೂರಿನ ಕಡೆಯ ಶಿಕ್ಷಕಿಯೊಬ್ಬರು ಎದ್ದುನಿಂತು ಎರಡು ಪುಟ ಓದಿದರು. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋದ ಒಂದು ಕುಟುಂಬದ ಕಥೆ ಅದು. ಮಗಳು ಮೊದಲ ಪರಮಪ್ರಸಾದಕ್ಕೆ ಸಿದ್ಧಳಾಗುತ್ತಿದ್ದಳು. ಅದಕ್ಕೆಂದು ಹೊಲಿಸಿದ ಬಿಳಿಯ ಲಂಗವನ್ನು ತಾಯಿ ಟ್ರಂಕಿನಲ್ಲಿಟ್ಟು ಹೊರಟಳು. ಒಂದೂವರೆ ವರ್ಷದ ಮೇಲೆ ಹಿಂದಿರುಗಿ ತೆಗೆದು ನೋಡಿದರೆ ಅದು ಮಗಳಿಗೆ ಗಿಡ್ಡವಾಗಿತ್ತು. ತಾಯಿ ಅದನ್ನು ಪಕ್ಕದ ಮನೆಯ ಹುಡುಗಿಗೆ ಕೊಟ್ಟಳು. ಅಷ್ಟೇ ಕಥೆ. ಅದರಲ್ಲಿ ದೇವರ ಹೆಸರು ಒಮ್ಮೆಯೂ ಬಂದಿರಲಿಲ್ಲ. ಓದು ಮುಗಿದಾಗ ಆ ಕೋಣೆಯಲ್ಲಿ ಮೊದಲೆರಡು ದಿನ ನಾವು ಶ್ರಮಪಟ್ಟು ಪಾಲಿಸಿದ ಮೌನಕ್ಕಿಂತ ಗಾಢವಾದ ಮೌನ ತಾನಾಗಿಯೇ ನೆಲೆಸಿತು.

ಆಕೆ ಬೆಟ್ಟದಲ್ಲಿ ಕುಳಿತು ಬೆಟ್ಟವನ್ನು ಬರೆಯಲಿಲ್ಲ. ಬಯಲನ್ನು ಬರೆದರು. ಆದರೆ ಊರಿನಲ್ಲಿ, ಶಾಲೆಯ ಗಂಟೆ, ಅಡುಗೆಯ ಒಲೆ, ಅತ್ತೆಯ ಔಷಧಿಗಳ ನಡುವೆ ಆ ಎರಡು ಪುಟ ಹುಟ್ಟುತ್ತಿರಲಿಲ್ಲವೆಂದು ಅವರೇ ಹೇಳಿದರು. ಕುಲುಮೆಯ ಪ್ರಯೋಜನ ಇದು. ಇತಿಹಾಸದಲ್ಲಿ ಇದಕ್ಕೆ ಒಂದು ಪ್ರಸಿದ್ಧ ನಿದರ್ಶನವಿದೆ. ಇಟಲಿಯ ಕವಿ ಪೆಟ್ರಾರ್ಕ್ 1336ರ ಏಪ್ರಿಲ್ 26ರಂದು ಫ್ರಾನ್ಸಿನ ವೆಂತೂ ಪರ್ವತವನ್ನೇರಿದುದಾಗಿ ಬರೆದಿದ್ದಾನೆ. ಶಿಖರದಲ್ಲಿ ನಿಂತು ದೂರದ ದೃಶ್ಯಗಳನ್ನು ಸವಿಯುತ್ತಿದ್ದವನು, ಜೊತೆಯಲ್ಲಿ ಕೊಂಡೊಯ್ದಿದ್ದ ಸಂತ ಅಗಸ್ಟೀನರ ಆತ್ಮನಿವೇದನೆಯ ಗ್ರಂಥವನ್ನು ತೆರೆದಾಗ, ಮನುಷ್ಯರು ಪರ್ವತಗಳನ್ನು ಕಂಡು ಬೆರಗಾಗಿ ತಮ್ಮ ಆತ್ಮವನ್ನೇ ಮರೆಯುತ್ತಾರೆಂಬ ಅರ್ಥದ ಮಾತು ಕಣ್ಣಿಗೆ ಬಿತ್ತು. ಆತ ಪುಸ್ತಕವನ್ನು ಮುಚ್ಚಿ, ಮಾತಿಲ್ಲದೆ ಬೆಟ್ಟವಿಳಿದನು. ದೂರದ ಬೆಟ್ಟ ನುಣ್ಣಗೆ ಎಂಬುದು ನಮ್ಮ ಗಾದೆ; ಹತ್ತಿರದ ಬೆಟ್ಟವೂ ಒಮ್ಮೊಮ್ಮೆ ನುಣ್ಣಗೆ ಕಂಡು ನಮ್ಮನ್ನು ಮರುಳು ಮಾಡುತ್ತದೆಂಬುದನ್ನು ಆ ಗಾದೆಗೆ ಸೇರಿಸಬಹುದು.

ಈ ವಿಷಯದಲ್ಲಿ ನಮಗೆ ನಿಜವಾದ ಗುರು ಸಂತ ಲೂಕನೇ. ಸಂತ ಮತ್ತಾಯನ ಶುಭಸಂದೇಶದಲ್ಲಿ ಯೇಸುಸ್ವಾಮಿ ಬೆಟ್ಟದ ಮೇಲೆ ಕುಳಿತು ಬೋಧಿಸುತ್ತಾರೆ. ಆ ಪರ್ವತಪ್ರಸಂಗವನ್ನು ಅರಿಯದ ಕ್ರೈಸ್ತರಿಲ್ಲ. ಸಂತ ಲೂಕನಲ್ಲಿ ಕ್ರಮ ಬೇರೆ. ಆರನೆಯ ಅಧ್ಯಾಯದಲ್ಲಿ ಸ್ವಾಮಿ ಬೆಟ್ಟಕ್ಕೆ ಹೋಗಿ ಇಡೀ ರಾತ್ರಿಯನ್ನು ಪ್ರಾರ್ಥನೆಯಲ್ಲಿ ಕಳೆಯುತ್ತಾರೆ. ಬೆಳಗಾದಾಗ ಹನ್ನೆರಡು ಮಂದಿ ಪ್ರೇಷಿತರನ್ನು ಆರಿಸಿಕೊಳ್ಳುತ್ತಾರೆ. ಅನಂತರ ಅವರೊಡನೆ ಕೆಳಗಿಳಿದು ಸಮತಟ್ಟಾದ ನೆಲದಲ್ಲಿ ನಿಲ್ಲುತ್ತಾರೆ. ರೋಗಿಗಳು, ಪೀಡಿತರು, ದೂರದೂರದಿಂದ ಬಂದ ಜನರು ಅಲ್ಲಿ ನೆರೆದಿದ್ದಾರೆ. ಬಡವರು ಧನ್ಯರೆಂಬ ಬೋಧನೆ ಲೂಕನಲ್ಲಿ ಕೇಳಿಬರುವುದು ಅಲ್ಲಿ, ಬಯಲಿನಲ್ಲಿ. ಬೆಟ್ಟ ಪ್ರಾರ್ಥನೆಗೆ, ಬಯಲು ಮಾತಿಗೆ. ಬಯಲುಸೀಮೆಯವರಾದ ನಾವು ಈ ಭಾಗವನ್ನು ವಿಶೇಷ ಪ್ರೀತಿಯಿಂದ ಓದಬೇಕು.

ಒಂಬತ್ತನೆಯ ಅಧ್ಯಾಯದಲ್ಲಿಯೂ ಇದೇ ಪಾಠವಿದೆ. ರೂಪಾಂತರದ ಬೆಟ್ಟದಲ್ಲಿ ಸಂತ ಪೇತ್ರನಿಗೆ ಮೂರು ಗುಡಾರಗಳನ್ನು ಕಟ್ಟುವ ಆಸೆ. ಮರುದಿನ ಬೆಟ್ಟವಿಳಿದಾಗ ಎದುರಾಗುವವನು, ಪೀಡಿತನಾದ ಒಬ್ಬನೇ ಮಗನಿಗಾಗಿ ಮೊರೆಯಿಡುವ ತಂದೆ. ಚಿತ್ರಕಾರ ರಾಫೆಲ್ 1520ರಲ್ಲಿ ಮರಣಹೊಂದುವ ಮುನ್ನ ಚಿತ್ರಿಸಿದ ಕೊನೆಯ ಮಹಾಕೃತಿಯಲ್ಲಿ ಈ ಎರಡು ಘಟನೆಗಳನ್ನೂ ಒಂದೇ ಚೌಕಟ್ಟಿನಲ್ಲಿ ಇರಿಸಿದ್ದಾನೆ: ಮೇಲೆ ಪ್ರಭುವಿನ ಪ್ರಭೆ, ಕೆಳಗೆ ಬಳಲುವ ಬಾಲಕ ಮತ್ತು ಕೈಚಾಚಿದ ಜನ. ಕ್ರೈಸ್ತ ಬರಹಕ್ಕೆ ಇದಕ್ಕಿಂತ ಸ್ಪಷ್ಟವಾದ ಲಕ್ಷಣವನ್ನು ನಾವು ಹೇಳಲಾರೆವು. ಮೇಲಿನ ಅರ್ಧವಿಲ್ಲದ ಬರಹ ಬರಿಯ ವರದಿ. ಕೆಳಗಿನ ಅರ್ಧವಿಲ್ಲದ ಬರಹ ಬರಿಯ ಅಲಂಕಾರ.

ಬಯಲಿಗೆ ಬರವಣಿಗೆಯ ಪರಂಪರೆಯಿಲ್ಲವೆಂದು ನಮ್ಮವರಲ್ಲಿ ಕೆಲವರಿಗೆ ಕೀಳರಿಮೆಯಿದೆ. ಅದು ಅಕಾರಣವಾದುದು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಅವರು ಕೈಗೊಂಡ ಕನ್ನಡ ಬೈಬಲ್ 1831ರ ಹೊತ್ತಿಗೆ ಪೂರ್ಣಗೊಂಡಿತು. ಇಪ್ಪತ್ತೊಂದು ವರ್ಷಗಳ ದುಡಿಮೆ. ಅವರ ಸಂಗಡಿಗ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನೂ, 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ ಪ್ರಕಟಿಸಿದರು. ಅದಕ್ಕೂ ಎಷ್ಟೋ ಮೊದಲು, ಹದಿನೇಳನೆಯ ಶತಮಾನದ ನಡುಭಾಗದಲ್ಲಿ, ಇಟಲಿಯ ಯೇಸುಸಭೆಯ ಗುರು ಲಿಯೊನಾರ್ದೊ ಚಿನ್ನಮಿಯವರು ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡ ಕಲಿತು, ಕನ್ನಡದಲ್ಲಿಯೇ ಧರ್ಮೋಪದೇಶವನ್ನು ಬರೆದರು. ಹೊರನಾಡಿನಿಂದ ಬಂದವರು ನಮ್ಮ ನುಡಿಗಾಗಿ ಇಷ್ಟು ದುಡಿದಿರುವಾಗ, ಅದೇ ನುಡಿಯಲ್ಲಿ ತಾಯಿಯ ಜೋಗುಳ ಕೇಳಿದ ನಾವು ಎಷ್ಟು ಬರೆದಿದ್ದೇವೆ?

ಇದು ಕೇವಲ ಸಾಹಿತ್ಯಾಸಕ್ತರ ಪ್ರಶ್ನೆಯಲ್ಲ. ಪ್ರತಿಯೊಂದು ಕಥೋಲಿಕ ಮನೆಯ ಪ್ರಶ್ನೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಹೊರಡಿಸಿದ ದೈವಾರಾಧನಾ ಸಂವಿಧಾನವು ಜನರ ನುಡಿಗೆ ಪೂಜಾಪೀಠದ ಬಾಗಿಲನ್ನು ತೆರೆಯಿತು. ಆ ಬಳಿಕ ಪೂಜೆಯ ಭಾಷೆ ಯಾವುದಿರಬೇಕೆಂದು ನಮ್ಮ ಸಮುದಾಯವು ವಾದಿಸಿದಷ್ಟು ಉತ್ಸಾಹದಿಂದ, ಆ ಭಾಷೆಯಲ್ಲಿ ಬರೆಯಲು ಕುಳಿತುದನ್ನು ನಾವು ಕಂಡಿಲ್ಲ. ಮಕ್ಕಳು ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಾರೆ. ಅದರಲ್ಲಿ ತಪ್ಪು ಹುಡುಕುವುದು ನಮ್ಮ ಉದ್ದೇಶವಲ್ಲ, ಹೊಟ್ಟೆಪಾಡಿನ ಚಿಂತೆ ಪ್ರತಿಯೊಬ್ಬ ತಂದೆತಾಯಿಗೂ ಇದೆ. ಆದರೆ ಅಜ್ಜಿಯ ಪ್ರಾರ್ಥನೆಯನ್ನು ಮೊಮ್ಮಗ ಓದಲಾರದ ಸ್ಥಿತಿ ಬಂದರೆ, ಆ ಮನೆಯಲ್ಲಿ ವಿಶ್ವಾಸವು ಕೈಯಿಂದ ಕೈಗೆ ದಾಟುವುದು ಹೇಗೆ? ಗುಳೆ ಹೋದವರ ಕಥೆ, ಕ್ಷಾಮದ ವರ್ಷಗಳಲ್ಲಿ ಗುಡಿಯನ್ನು ಕಟ್ಟಿದವರ ಕಥೆ, ತಪಸ್ಸುಕಾಲದಲ್ಲಿ ಊರ ಹಿರಿಯ ಉಪದೇಶಿಗಳು ಹಾಡುತ್ತಿದ್ದ ಪಾಡುಗಳ ಹಾಡು, ಇವು ಯಾವ ಅಚ್ಚಿನಲ್ಲಿಯೂ ಇಲ್ಲ. ಹಾಡುವವರ ಉಸಿರು ನಿಂತೊಡನೆ ಅವೂ ಮಣ್ಣು ಸೇರುತ್ತವೆ.

ಬರೆಯಬೇಕಾದವರು ಗುರುಗಳೂ ಪಂಡಿತರೂ ಮಾತ್ರವೆಂದು ಭಾವಿಸಬಾರದು. ಜಗದ್ಗುರು ಹನ್ನೊಂದನೆಯ ಪಯಸ್‌ರವರು 1923ರಲ್ಲಿ ಕಥೋಲಿಕ ಬರಹಗಾರರ ಪಾಲಕ ಸಂತರೆಂದು ಸಾರಿದ ಸಂತ ಫ್ರಾನ್ಸಿಸ್ ಡಿ ಸೇಲ್ಸ್, ಸವೋಯ್ ಎಂಬ ಪರ್ವತಸೀಮೆಯವರು. ತರುಣ ಗುರುವಾಗಿ ಶಾಬ್ಲೆ ಪ್ರಾಂತ್ಯಕ್ಕೆ ಹೋದಾಗ ಜನರು ಅವರ ಪ್ರಬೋಧನೆ ಕೇಳಲು ಬರುತ್ತಿರಲಿಲ್ಲ. ಅವರು ಪರ್ವತಗಳನ್ನು ದೂರಲಿಲ್ಲ, ಜನರನ್ನೂ ದೂರಲಿಲ್ಲ. ಚಿಕ್ಕ ಚಿಕ್ಕ ಹಾಳೆಗಳಲ್ಲಿ ಬರೆದು ಮನೆಗಳ ಬಾಗಿಲಡಿಯಲ್ಲಿ ತೂರಿಸಿದರು. 1609ರಲ್ಲಿ ಪ್ರಕಟವಾದ ಅವರ ಪ್ರಸಿದ್ಧ ಭಕ್ತಿಗ್ರಂಥವು ಸಂಸಾರಸ್ಥ ಮಹಿಳೆಯೊಬ್ಬರಿಗೆ ಬರೆದ ಪತ್ರಗಳಿಂದ ಬೆಳೆದುಬಂದುದು. ಮಠದ ಗೋಡೆಗಳಾಚೆ, ಅಡುಗೆಮನೆ ಅಂಗಡಿಗಳ ನಡುವೆಯೂ ಪಾವಿತ್ರ್ಯ ಸಾಧ್ಯವೆಂಬುದೇ ಅದರ ಸಾರ. ಬರಹವು ಬಾಗಿಲಡಿಯಿಂದ ಮನೆಯೊಳಗೆ ಹೋಗಬೇಕು. ಅಲ್ಲಿಗೆ ತಲುಪದ ಬರಹ ಎಷ್ಟು ಸೊಗಸಾಗಿದ್ದರೂ ಅರ್ಧದಾರಿಯಲ್ಲಿಯೇ ಉಳಿದಂತೆ.

ಆದುದರಿಂದ ನಮ್ಮ ಸಲಹೆಗಳು ಕೆಲವು. ಮೊದಲನೆಯದಾಗಿ, ಧರ್ಮಪ್ರಾಂತ್ಯಗಳು ವರ್ಷಕ್ಕೊಮ್ಮೆಯಾದರೂ ಕನ್ನಡ ಬರಹಗಾರರಿಗೆ ಇಂತಹ ಧ್ಯಾನಶಿಬಿರವನ್ನು ಏರ್ಪಡಿಸಲಿ. ಬೆಟ್ಟವೇ ಆಗಬೇಕೆಂದಿಲ್ಲ, ಮೌನವಿರುವ ಯಾವ ಸ್ಥಳವೂ ಸರಿ. ಆದರೆ ಪ್ರಯಾಣದ ವೆಚ್ಚವನ್ನು ಧರ್ಮಕೇಂದ್ರವೇ ಭರಿಸಲಿ. ಇಲ್ಲದಿದ್ದರೆ ಖರ್ಚು ಮಾಡಬಲ್ಲವರು ಮಾತ್ರ ಬರೆಯುವವರಾಗುತ್ತಾರೆ. ಗುಳೆಯ ಕಥೆ ಹೇಳಬಲ್ಲವರು ಊರಲ್ಲೇ ಉಳಿಯುತ್ತಾರೆ. ಎರಡನೆಯದಾಗಿ, ಶಿಬಿರದಿಂದ ಮರಳಿದವರು ತಾವು ಬರೆದುದನ್ನು ಅಚ್ಚಿಗೆ ಕಳುಹಿಸುವ ಮುನ್ನ ತಮ್ಮ ಊರಿನ ಹತ್ತು ಜನರ ಮುಂದೆ ಗಟ್ಟಿಯಾಗಿ ಓದಲಿ. ಕೇಳುವವರ ಮುಖಕ್ಕಿಂತ ಒಳ್ಳೆಯ ಸಂಪಾದಕರಿಲ್ಲ. ಮೂರನೆಯದಾಗಿ, ಪ್ರತಿ ಧರ್ಮಕೇಂದ್ರದಲ್ಲಿ ಒಂದು ದಪ್ಪ ಪುಸ್ತಕವಿರಲಿ. ಯುವಕರು ಹಿರಿಯರ ಬಳಿ ಕುಳಿತು, ಅವರ ಹಾಡು, ಕಥೆ, ಹೆಸರುಗಳನ್ನು ಅವರದೇ ಮಾತಿನಲ್ಲಿ ಬರೆದಿಡಲಿ. ನಾಲ್ಕನೆಯದಾಗಿ, ಸಂಜೆಯ ಜಪಸರದ ಬಳಿಕ ಹದಿನೈದು ನಿಮಿಷ ಮನೆಯವರೆಲ್ಲ ಕೂಡಿ ಕನ್ನಡದ ಒಂದು ಪುಟವನ್ನು ಓದಲಿ. ಇಂದು ಮಗಳು ಓದಿದರೆ ನಾಳೆ ತಂದೆ ಓದಲಿ. ಓದುವ ಮನೆಯಲ್ಲಿಯೇ ಬರೆಯುವ ಮಗು ಹುಟ್ಟುತ್ತದೆ.

ಅಂದಿನ ಜಗದ್ಗುರು ಫ್ರಾನ್ಸಿಸ್‌ರವರು 2024ರ ಜುಲೈ 17ರಂದು ಸಾಹಿತ್ಯದ ಮಹತ್ವವನ್ನು ಕುರಿತು ಒಂದು ಪತ್ರ ಬರೆದರು. ಗುರುಗಳ ತರಬೇತಿಗೆಂದು ಆರಂಭಿಸಿದ ಆ ಪತ್ರವನ್ನು ಎಲ್ಲ ಕ್ರೈಸ್ತರಿಗೂ ಅನ್ವಯವಾಗುವಂತೆ ಅವರು ವಿಸ್ತರಿಸಿದುದು ಅರ್ಥಪೂರ್ಣವಾದುದು. ಪರರ ದನಿಗೆ ಕಿವಿಗೊಡದ ಹೃದಯವು ದೇವರ ದನಿಗೂ ಕಿವುಡಾಗುತ್ತದೆ. ಕಥೆ ಕಾವ್ಯಗಳನ್ನು ಓದುವುದು ಕಿವಿಗೊಡುವುದನ್ನು ಕಲಿಸುವ ಒಂದು ಬಗೆ. ಬರೆಯುವುದು ಅದರ ಮುಂದಿನ ಹೆಜ್ಜೆ.

ಪ್ರಿಯ ವಾಚಕರೇ, ವಾಕ್ಯವು ಮನುಷ್ಯನಾಗಿ ನಮ್ಮ ನಡುವೆ ವಾಸಿಸಿತೆಂಬುದು ನಮ್ಮ ವಿಶ್ವಾಸದ ತಿರುಳು. ಆ ವಾಕ್ಯವು ಇಳಿದುಬಂದ ವಾಕ್ಯ. ಅದನ್ನು ನಂಬುವವರ ಬರಹವೂ ಇಳಿದುಬರಬೇಕು: ಬೆಟ್ಟದಿಂದ ಬಯಲಿಗೆ, ಹಾಳೆಯಿಂದ ಹೊಸ್ತಿಲಿಗೆ, ಹೊಸ್ತಿಲಿನಿಂದ ಒಲೆಯ ಬಳಿಗೆ. ನಿಮ್ಮ ಮನೆಯ ಹಿರಿಯರು ಇನ್ನೂ ಮಾತನಾಡುತ್ತಿರುವಾಗಲೇ ಒಂದು ನೋಟುಪುಸ್ತಕ ಹಿಡಿದು ಅವರ ಮುಂದೆ ಕುಳಿತುಕೊಳ್ಳಿರಿ. ಬರುವ ಭಾನುವಾರಕ್ಕೆ ಒಂದು ಪುಟವಾದರೂ ತುಂಬಿರಲಿ.